ಮನೆ ಕಾಯಲು ಉಳಿದವರು ಯಾರು?

ಕೊಯ್ಲು ಮುಗಿದು ಗದ್ದೆ ಒಣಗಿತೆಂದರೆ ಭಟ್ಕಳದಿಂದ ಹೊನ್ನಾವರ ದಾಟಿ ಕುಮಟಾ ಮುಟ್ಟುವವರೆಗೆ ಹೆದ್ದಾರಿ 66ರ ಇಕ್ಕೆಲದಲ್ಲಿ ಬ್ಯಾನರುಗಳು ಏಳುತ್ತವೆ. ಹೊನಲು ಬೆಳಕಿನ ಕಬಡ್ಡಿ, ಹೊನಲು ಬೆಳಕಿನ ವಾಲಿಬಾಲ್, ಟೆನ್ನಿಸ್ ಬಾಲ್ ಕ್ರಿಕೆಟ್. ಬಹುಮಾನದ ಮೊತ್ತ ದೊಡ್ಡಕ್ಷರದಲ್ಲಿ, ಉದ್ಘಾಟಕರ ಫೋಟೋ ಅದಕ್ಕಿಂತ ದೊಡ್ಡದಾಗಿ, ಕೊನೆಗೆ ‘ಸರ್ವರಿಗೂ ಆದರದ ಸ್ವಾಗತ’. ಆ ಸರ್ವರಲ್ಲಿ ಯಾರು ಬಂದರು, ಯಾರು ಬರಲಿಲ್ಲ ಎನ್ನುವುದನ್ನು ತಿಳಿಯಲು ರಾತ್ರಿ ಹನ್ನೊಂದರ ಹೊತ್ತಿಗೆ ಅಂಕಣದ ಸುತ್ತ ಒಂದು ಸುತ್ತು ಹಾಕಿದರೆ ಸಾಕು.

ಮೊದಲ ಸಾಲಿನ ಕುಶನ್ ಕುರ್ಚಿ ಗಣ್ಯರಿಗೆ. ಅವರು ಭಾಷಣ ಮುಗಿಸಿ, ಶಾಲು ಹೊದೆಸಿಕೊಂಡು ಹೊರಟ ಮೇಲೂ ಆ ಕುರ್ಚಿಗಳು ಖಾಲಿಯೇ. ಅದರ ಹಿಂದೆ ಶಾಮಿಯಾನದವರ ಹೆಸರು ಬರೆದ ಪ್ಲಾಸ್ಟಿಕ್ ಕುರ್ಚಿಗಳು, ಅದರ ಹಿಂದೆ ಬೈಕಿನ ಸೀಟಿನ ಮೇಲೆ ನಿಂತವರು, ಕಂಪೌಂಡ್ ಗೋಡೆ ಏರಿದವರು. ಎಲ್ಲ ಗಂಡಸರು, ಗಂಡುಹುಡುಗರು. ಹತ್ತಿರದ ಕೇರಿಯ ನಾಲ್ಕಾರು ಹೆಂಗಸರು ಒಂದು ಮೂಲೆಯಲ್ಲಿ ಒತ್ತಾಗಿ ಕೂತಿರುತ್ತಾರೆ. ಊರಿನ ತಂಡದ ಮೊದಲ ಪಂದ್ಯ ಮುಗಿಯುತ್ತಲೇ ಅವರೂ ಮಕ್ಕಳನ್ನೆತ್ತಿಕೊಂಡು ಹೊರಡುತ್ತಾರೆ. ಅಂಕಣಕ್ಕೆಂದು ಹದ ಮಾಡಿದ ಮೆದು ಮಣ್ಣಿನ ಅಂಚಿನಲ್ಲಿ ಊರನಾಯಿಯೊಂದು ಕಾಲಿನಿಂದ ಗುಂಡಿ ತೋಡಿ ಮಲಗಿದೆ. ರೆಫ್ರಿ ಸೀಟಿ ಊದಿದಾಗ ಕಿವಿ ನಿಮಿರಿಸುತ್ತದೆ, ರೈಡರ್ ಮೈಮೇಲೆ ಬಿದ್ದಾನೆಂದು ತೋರಿದಾಗ ಎರಡು ಹೆಜ್ಜೆ ಸರಿದು ಮತ್ತೆ ಮಲಗುತ್ತದೆ. ಯಾರೂ ಅದನ್ನು ಕರೆದಿಲ್ಲ, ಓಡಿಸಿಯೂ ಇಲ್ಲ. ನಾಯಿ ಇಡೀ ರಾತ್ರಿ ಆಟ ನೋಡುತ್ತದೆ. ಅದಕ್ಕೆ ಅನ್ನ ಹಾಕುವ ಹೆಂಗಸು ಮನೆಯಲ್ಲಿದ್ದಾಳೆ.

ಆಟ ಎಷ್ಟು ಜನಪ್ರಿಯ ಎಂದು ಅಳೆಯಲು ಸಂಘಟಕರು ತಲೆ ಎಣಿಸುತ್ತಾರೆ. ಎಣಿಸಬೇಕಾದದ್ದು ಬಂದವರನ್ನಲ್ಲ, ಮನೆ ಕಾಯಲು ಉಳಿದವರನ್ನು. ಕುಟುಂಬವೆಲ್ಲ ಹೊರಟು ನಿಂತಾಗ ಹಿಂದೆ ಉಳಿಯಬೇಕಾದವರು ಯಾರು, ಪ್ರತಿ ಸಲವೂ ಅವರೇ ಏಕೆ ಉಳಿಯುತ್ತಾರೆ ಎಂಬ ಪ್ರಶ್ನೆಯನ್ನು ಕೇಳದೆ ‘ಕುಟುಂಬಸಮೇತ ಬನ್ನಿ’ ಎಂದು ಮೈಕಿನಲ್ಲಿ ಕೂಗುವುದು ಬರಿಯ ಉಪಚಾರ.

ಕುಟುಂಬಸಮೇತ ಪಂದ್ಯ ನೋಡುವುದರಲ್ಲಿ ಜಗತ್ತಿನಲ್ಲೇ ಅತಿರೇಕಕ್ಕೆ ಹೋದವರು ಅಮೆರಿಕದ ಕಾಲೇಜು ಫುಟ್‌ಬಾಲಿನ ಅಭಿಮಾನಿಗಳು. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಅವರ ಫುಟ್‌ಬಾಲಿಗೂ ನಾವು ನೋಡುವ ಫುಟ್‌ಬಾಲಿಗೂ ಹೆಸರಿನ ಸಂಬಂಧ ಮಾತ್ರ. 1869ರ ನವೆಂಬರ್ 6ರಂದು ರಟ್‌ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ಹುಡುಗರು ಮೊದಲ ಪಂದ್ಯ ಆಡಿದರು. ರಟ್‌ಗರ್ಸ್ 6–4ರಿಂದ ಗೆದ್ದಿತು. ಇವತ್ತು ಮಿಶಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣವೊಂದರಲ್ಲೇ 1,07,601 ಆಸನಗಳಿವೆ. 2011ರ ಜನಗಣತಿಯ ಲೆಕ್ಕದಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ಪಟ್ಟಣಗಳ ಅಷ್ಟೂ ಜನರನ್ನು ಕೂರಿಸಿದರೂ ಅಲ್ಲಿ ಜಾಗ ಮಿಗುತ್ತದೆ. ಪಂದ್ಯ ಶನಿವಾರ. ದೂರದೂರಿನ ಕುಟುಂಬಗಳು ಮನೆಯನ್ನೇ ಗಾಲಿಯ ಮೇಲಿಟ್ಟಂಥ ಮೋಟಾರು ವಾಹನಗಳಲ್ಲಿ ಎಷ್ಟೋ ಸಲ ಹಿಂದಿನ ದಿನವೇ ಬಂದಿಳಿಯುತ್ತವೆ. ಮಡಚುವ ಮೇಜು ಬಿಚ್ಚಿಕೊಳ್ಳುತ್ತದೆ, ಕೆಂಡದ ಒಲೆ ಹೊತ್ತಿಕೊಳ್ಳುತ್ತದೆ, ಅಜ್ಜ ಮೊಮ್ಮಗನಿಗೆ ತನ್ನ ಕಾಲದ ಆಟಗಾರರ ಕಥೆ ಹೇಳುತ್ತಾನೆ. ಮಿಸಿಸಿಪಿ ವಿಶ್ವವಿದ್ಯಾಲಯದಲ್ಲಿ ‘ಗ್ರೋವ್’ ಎಂಬ ಸುಮಾರು ಹತ್ತು ಎಕರೆಯ ಮರಗಳ ತೋಪು ಆ ದಿನ ಡೇರೆಗಳಿಂದ ತುಂಬಿಹೋಗುತ್ತದೆ. ಕೆಲವರು ಡೇರೆಯೊಳಗೆ ತೂಗುದೀಪದ ಗೊಂಚಲನ್ನೂ ಕಟ್ಟುತ್ತಾರೆ. ಟೆನೆಸಿಯಲ್ಲಿ ಕ್ರೀಡಾಂಗಣ ನದಿಯ ದಂಡೆಗೇ ಇದೆ. 1962ರಲ್ಲಿ ರೇಡಿಯೊ ವೀಕ್ಷಕ ವಿವರಣೆಗಾರ ಜಾರ್ಜ್ ಮೂನಿ ರಸ್ತೆಯ ನೂಕುನುಗ್ಗಲಿಗೆ ಬೇಸತ್ತು ದೋಣಿಯಲ್ಲಿ ಬಂದ. ಅಂದಿನಿಂದ ಅದೊಂದು ಸಂಪ್ರದಾಯವೇ ಆಗಿ, ದೋಣಿಗಳು ಸಾಲಾಗಿ ಲಂಗರು ಹಾಕುತ್ತವೆ. ಸೇತುವೆಯಾಗುವ ಮೊದಲು ಶರಾವತಿಯನ್ನು ದೋಣಿಯಲ್ಲಿ ದಾಟಿದ ಹೊನ್ನಾವರದ ಹಿರಿಯರಿಗೆ ಇದರಲ್ಲಿ ಅಂಥ ಬೆರಗೇನೂ ಕಾಣದು.

ಆ ಸಂಭ್ರಮದಲ್ಲಿ ನಾಯಿಗೂ ಪಾಲಿದೆ. ಯೇಲ್ ವಿಶ್ವವಿದ್ಯಾಲಯ 1889ರಿಂದಲೇ ಬುಲ್‌ಡಾಗ್ ಒಂದನ್ನು ತನ್ನ ಗುರುತಾಗಿ ಇಟ್ಟುಕೊಂಡಿದೆ. ಜಾರ್ಜಿಯಾ ವಿಶ್ವವಿದ್ಯಾಲಯದ ‘ಅಗ’ ಎಂಬ ಬಿಳಿ ಬುಲ್‌ಡಾಗಿನ ವಂಶ 1956ರಿಂದ ನಡೆದುಬಂದಿದೆ. ಮೈದಾನದ ಅಂಚಿನಲ್ಲಿ ಅದಕ್ಕೆ ಹವಾನಿಯಂತ್ರಿತ ಗೂಡು. ಟೆಕ್ಸಾಸ್‌ನ ಎ ಅಂಡ್ ಎಂ ವಿಶ್ವವಿದ್ಯಾಲಯದ ‘ರೆವೆಲಿ’ ಎಂಬ ನಾಯಿಗೆ ಅಲ್ಲಿನ ಕೆಡೆಟ್ ಪಡೆಯಲ್ಲಿ ಎಲ್ಲರಿಗಿಂತ ಮೇಲಿನ ಹುದ್ದೆ. ಸತ್ತ ರೆವೆಲಿಗಳನ್ನು ಕ್ರೀಡಾಂಗಣದ ಹೊರಗೆ ಹೂಳುತ್ತಾರೆ, ಸ್ಕೋರ್‌ಬೋರ್ಡ್ ಅವುಗಳಿಗೆ ಕಾಣಬೇಕೆಂಬುದು ನಂಬಿಕೆ. ಇಷ್ಟೆಲ್ಲ ಇದ್ದೂ, ಸಾಮಾನ್ಯ ಕುಟುಂಬ ಕರೆತಂದ ನಾಯಿಗೆ ಬಹುತೇಕ ಕ್ರೀಡಾಂಗಣಗಳ ಗೇಟಿನೊಳಗೆ ಪ್ರವೇಶವಿಲ್ಲ. ಅಂಧರಿಗೆ ದಾರಿ ತೋರುವಂಥ ಸೇವಾ ನಾಯಿಗಳಿಗಷ್ಟೇ ವಿನಾಯಿತಿ. ಹಾಗಾಗಿ ಎರಡು ದಿನ ಮೊದಲೇ ಹೊರಟು, ನೂರಾರು ಮೈಲಿ ಬಂದು, ಡೇರೆ ಹೊಡೆದ ಮನೆಯವರಲ್ಲಿ ಒಬ್ಬರು ಪಂದ್ಯದ ಹೊತ್ತಿಗೆ ನಾಯಿಯ ಜೊತೆ ವಾಹನದಲ್ಲೇ ಕೂತು ಟಿ.ವಿ. ನೋಡಬೇಕಾಗುತ್ತದೆ. ಮೈದಾನದ ಕೂಗು ಗೋಡೆಯಾಚೆಯಿಂದ ಮೊದಲು ಕೇಳುತ್ತದೆ, ಟಿ.ವಿ.ಯಲ್ಲಿ ಅಂಕ ಆಮೇಲೆ ಬರುತ್ತದೆ.

ಹಿಂದೆ ಉಳಿಯುವ ಆ ಒಬ್ಬರ ಸಮಸ್ಯೆ ಅಮೆರಿಕಕ್ಕೂ ಕರಾವಳಿಗೂ ಒಂದೇ. ನಮ್ಮಲ್ಲಿ ಅದು ಇನ್ನೂ ಗಟ್ಟಿ. ಇಲ್ಲಿಯ ಮನೆಗೆ ಬೀಗ ಜಡಿದು ಹೋಗುವುದು ಈಚಿನ ಅಭ್ಯಾಸ. ಕೊಟ್ಟಿಗೆಯಲ್ಲಿ ಕರೆಯುವ ಹಸು, ಜಗಲಿಯಲ್ಲಿ ಹಾಸಿಗೆ ಹಿಡಿದ ಅತ್ತೆ, ಅಂಗಳದಲ್ಲಿ ಅಡಿಕೆ, ಬಾಗಿಲಲ್ಲಿ ನಾಯಿ. ಇವಿಷ್ಟನ್ನೂ ಬಿಟ್ಟು ಎಲ್ಲರೂ ಹೊರಡುವುದುಂಟೆ? ‘ನೀವೆಲ್ಲ ಹೋಗಿ ಬನ್ನಿ, ನಾನು ಇರ್ತೆ’ ಎಂಬ ಮಾತು ಯಾರ ಬಾಯಿಂದ ಬರುತ್ತದೆ ಎಂದು ಕೇಳಬೇಕಾದ್ದೇ ಇಲ್ಲ. ಕೇಳಿದರೆ ‘ಅವಳಿಗೆ ಆಟ ಎಲ್ಲ ಆಗಿಬರೂದಿಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ. ಆಗಿಬರುತ್ತದೋ ಇಲ್ಲವೋ ಪರೀಕ್ಷಿಸಿದವರು ಕಡಿಮೆ.

ಪರೀಕ್ಷೆ ಒಂದು ನಡೆದಿದೆ, ಯಕ್ಷಗಾನದಲ್ಲಿ. ಇದೇ ಹೊನ್ನಾವರ ತಾಲೂಕಿನಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಕಟ್ಟಿದರು. ಅವರ ಮಗ ಶಂಭು ಹೆಗಡೆ, ಬಡಗುತಿಟ್ಟಿನ ರಸಿಕರನ್ನು ದಶಕಗಳ ಕಾಲ ನಿದ್ದೆಗೆಡಿಸಿದ, 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆ, ಇವರೆಲ್ಲ ಇದೇ ಮಣ್ಣಿನವರು. ಇವರ ಆಟಕ್ಕೆ ಕಂಬಳಿ, ಚಾಪೆ, ಅವಲಕ್ಕಿ ಡಬ್ಬಿ ಹಿಡಿದು ಮನೆಮಂದಿ ಹೋಗುತ್ತಿದ್ದರು. ಮಕ್ಕಳು ಒಡ್ಡೋಲಗದವರೆಗೆ ಕಣ್ಣರಳಿಸಿ, ಆಮೇಲೆ ಅಮ್ಮನ ತೊಡೆಯ ಮೇಲೆ ನಿದ್ದೆ ಹೋಗಿ, ರಾಕ್ಷಸನ ಅಬ್ಬರಕ್ಕೆ ಬೆಚ್ಚಿ ಎದ್ದು ಮತ್ತೆ ಮಲಗುತ್ತಿದ್ದರು. ನಿದ್ದೆಗೆ ಯಾರ ಆಕ್ಷೇಪವೂ ಇರಲಿಲ್ಲ.

ಕಬಡ್ಡಿಗೆ ಬಾರದ ಹೆಂಗಸು ಬಯಲಾಟಕ್ಕೆ ಹೇಗೆ ಬಂದಳು? ಭಕ್ತಿ ಎಂಬುದು ಅರ್ಧ ಉತ್ತರ. ಇನ್ನರ್ಧ ವ್ಯವಸ್ಥೆಯಲ್ಲಿದೆ. ಹರಕೆ ಆಟವೆಂದರೆ ಆಡಿಸುವ ಮನೆಯವರು ಬಂದು ಕರೆಯುತ್ತಾರೆ. ಕರೆದ ಮನೆಯ ಬಚ್ಚಲು, ಬಾವಿ, ಜಗಲಿ ಬಂದವರಿಗೆಲ್ಲ ತೆರೆದಿರುತ್ತದೆ. ಕೂರಲು ನೆಲವಿದೆ, ಕಾಲು ಚಾಚಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಆಟ ಬೆಳಗಿನವರೆಗೆ ನಡೆಯುತ್ತಿತ್ತು. ರಾತ್ರಿಯಿಡೀ ನಡೆಯುವುದನ್ನು ತೊಂದರೆ ಎಂದೇ ಇಂದು ಎಣಿಸುತ್ತಾರೆ. ಆದರೆ ಹೆಂಗಸರ ಪಾಲಿಗೆ ಅದೇ ಭದ್ರತೆಯಾಗಿತ್ತು: ಸಂಜೆ ಬೆಳಕಿರುವಾಗ ಹೊರಟು, ಮಂಗಳ ಹಾಡಿದ ಮೇಲೆ ಸೂರ್ಯನ ಬೆಳಕಿನಲ್ಲೇ ವಾಪಸಾಗುವುದು. ನಡುರಾತ್ರಿ ಗದ್ದೆಯ ಬದುವಿನಲ್ಲಿ ನಡೆಯುವ ಪ್ರಸಂಗವೇ ಬರುತ್ತಿರಲಿಲ್ಲ. 2000ದ ಶಬ್ದಮಾಲಿನ್ಯ ನಿಯಮ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ತಡೆ ಹಾಕಿದೆ. ಅದೂ ಸೇರಿ, ಬದಲಾದ ಬದುಕಿನ ಗಡಿಬಿಡಿಯೂ ಸೇರಿ ಆಟ ಕಾಲಮಿತಿಗೆ ಇಳಿಯಿತು. ಕಾಲಮಿತಿಯ ಆಟ ಮುಗಿಯುವುದು ಬಸ್ಸೇ ಇಲ್ಲದ ಹೊತ್ತಿನಲ್ಲಿ. ಕಾರಿದ್ದವರು ಮನೆ ಸೇರುತ್ತಾರೆ, ಇಲ್ಲದವರು ಮೊದಲೇ ಲೆಕ್ಕ ಹಾಕಿ ಮನೆಯಲ್ಲಿ ಉಳಿಯುತ್ತಾರೆ. ಆಟವನ್ನು ಮೊಟಕುಗೊಳಿಸಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಕಲೆಯ ಸುತ್ತಲೇ ಗಿರಕಿ ಹೊಡೆದಿದೆ. ಪ್ರೇಕ್ಷಕಿಯ ಮರುಪಯಣವನ್ನು ಅದು ಅಷ್ಟಾಗಿ ವಿಚಾರಿಸಿಲ್ಲ.

ಹೆಂಗಸರಿಗೆ ತಿರುಗಾಟದಲ್ಲಿ ಆಸಕ್ತಿ ಇಲ್ಲ ಎಂದು ಈಗಲೂ ವಾದಿಸುವವರಿಗೆ 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆ ಉತ್ತರ ಹೇಳಿದೆ. ಟಿಕೆಟ್ಟಿಗೆ ದುಡ್ಡು ಬೇಡ ಎಂದಾದ ಕೂಡಲೇ ಗೋಕರ್ಣ, ಇಡಗುಂಜಿ, ಮುರ್ಡೇಶ್ವರಗಳ ಬಸ್ಸುಗಳು ಹೆಂಗಸರಿಂದ ತುಂಬಿದವು. ಅವರು ಕ್ಷೇತ್ರಗಳಿಗೇ ಏಕೆ ಹೋದರು? ದೇವರಿದ್ದಾನೆ, ನಿಜ. ಜೊತೆಗೆ ಅಲ್ಲಿ ಊಟವಿದೆ, ಶೌಚಾಲಯವಿದೆ, ಒಂದು ಗಂಟೆ ಕಂಬಕ್ಕೊರಗಿ ಕೂತರೆ ‘ಯಾಕೆ ಬಂದಿದ್ದೀ’ ಎಂದು ಯಾರೂ ಕೇಳುವುದಿಲ್ಲ. ಈ ಮೂರೂ ಇಲ್ಲದ ಸಾರ್ವಜನಿಕ ಜಾಗಕ್ಕೆ ಕ್ರೀಡಾಂಗಣ ಎಂದು ಹೆಸರಿಟ್ಟು, ಹೆಂಗಸರಿಗೆ ಕ್ರೀಡೆಯಲ್ಲಿ ಆಸಕ್ತಿಯಿಲ್ಲ ಎಂದು ಷರಾ ಬರೆಯುವುದು ನ್ಯಾಯವಲ್ಲ.

ಕಾಲೇಜುಗಳ ಕಡೆಗೆ ತಿರುಗಿದರೆ ಚಿತ್ರ ಇನ್ನೂ ಸಪ್ಪೆ. ಕುಮಟಾದ ಡಾ. ಎ.ವಿ. ಬಾಳಿಗಾ ಕಾಲೇಜು, ಹೊನ್ನಾವರದ ಎಸ್.ಡಿ.ಎಂ. ಕಾಲೇಜು, 1919ರಲ್ಲಿ ಹುಟ್ಟಿದ ಭಟ್ಕಳದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್‌ನ ವಿದ್ಯಾಸಂಸ್ಥೆಗಳು ಯಾವುವೂ ಸರ್ಕಾರ ತಾನಾಗಿ ತಂದು ನೆಟ್ಟವಲ್ಲ; ಊರಿನವರು ತಮ್ಮ ಮಕ್ಕಳಿಗೆಂದು ಮುಂದೆ ನಿಂತು ಬೆಳೆಸಿದವು. ಅಮೆರಿಕದ ಕಾಲೇಜು ಪಟ್ಟಣಗಳಲ್ಲಿ ಜನ ಕಾಲೇಜನ್ನು ‘ನಮ್ಮದು’ ಎನ್ನುವುದಕ್ಕೆ ಇರುವ ಕಾರಣ ಇಲ್ಲೂ ಇದೆ. ಆದರೂ ಇಲ್ಲಿ ಅಂತರ ಕಾಲೇಜು ಪಂದ್ಯ ನಡೆಯುವುದು ಕೆಲಸದ ದಿನದ ಬಿಸಿಲಿನಲ್ಲಿ, ದೈಹಿಕ ಶಿಕ್ಷಣ ನಿರ್ದೇಶಕರು ಮತ್ತು ಎದುರಾಳಿ ತಂಡದ ಬದಲಿ ಆಟಗಾರರ ಮುಂದೆ. ಮಗಳು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ, ಅವಳು ಆಡುವುದನ್ನು ಮನೆಯವರು ಒಮ್ಮೆಯೂ ನೋಡಿರುವುದಿಲ್ಲ. ಮೀನು ಮಾರುವ ತಾಯಿಗೆ, ಗ್ಯಾರೇಜಿನಲ್ಲಿ ದುಡಿಯುವ ತಂದೆಗೆ ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಬಿಡುವೆಲ್ಲಿ? ಅವರನ್ನು ಕರೆಯುವುದಾದರೂ ಯಾರು? ಪೋಷಕರಿಗೆ ಕಾಲೇಜಿನಿಂದ ಕರೆ ಹೋಗುವುದು ಹಾಜರಾತಿ ಕಡಿಮೆಯಾದಾಗ.

ವಲಯ ಮಟ್ಟದ ಪಂದ್ಯಗಳಲ್ಲಿ ಕೆಲವನ್ನಾದರೂ ಶನಿವಾರ ಸಂಜೆ, ಭಾನುವಾರ ಬೆಳಿಗ್ಗೆಗೆ ಇಟ್ಟು, ಹೊರ ಊರಿನ ಆಟಗಾರರ ಮನೆಯವರಿಗೆ ಹಾಸ್ಟೆಲ್ಲಿನ ಹಾಲನ್ನೋ ಅಂಗಳವನ್ನೋ ಒಂದು ರಾತ್ರಿಗೆ ಬಿಟ್ಟುಕೊಟ್ಟರೆ, ವಾರಾಂತ್ಯದ ಬಿಡಾರ ತಾನಾಗಿ ಹುಟ್ಟಿಕೊಳ್ಳುತ್ತದೆ. ಅದಕ್ಕೆ ಕ್ಯಾರವಾನ್ ಬೇಡ, ತೂಗುದೀಪದ ಗೊಂಚಲೂ ಬೇಡ.

ಆಕ್ಷೇಪಗಳು ಇಲ್ಲದಿಲ್ಲ. ಓದು ಹಾಳಾಗುತ್ತದೆ ಎಂಬುದು ಹಳೆಯದು. ವರ್ಷಕ್ಕೆರಡು ವಾರಾಂತ್ಯಕ್ಕೆ ಹಾಳಾಗುವ ಓದನ್ನು ಉಳಿಸಿಯೂ ಪ್ರಯೋಜನವಿಲ್ಲ. ದುಡ್ಡಿನ ಆಕ್ಷೇಪಕ್ಕೆ ಮಾತ್ರ ತೂಕವಿದೆ. ಅಮೆರಿಕದಲ್ಲಿ ಪ್ರೇಕ್ಷಕರ ಹಿಂದೆ ಟಿ.ವಿ. ಬಂತು, ಟಿ.ವಿ.ಯ ಹಿಂದೆ ಕೋಟ್ಯಂತರ ಡಾಲರ್. ತರಬೇತುದಾರರ ಸಂಬಳ ರಾಜ್ಯಪಾಲರ ಸಂಬಳವನ್ನು ಎಷ್ಟೋ ಪಟ್ಟು ಮೀರಿತು. ಮೂಳೆ ಮುರಿದುಕೊಂಡು ಆಡಿದ ಹುಡುಗರಿಗೆ ವಿದ್ಯಾರ್ಥಿವೇತನ ಬಿಟ್ಟು ಬೇರೆ ಗಳಿಕೆ ಕೂಡದೆಂಬ ನಿಯಮ ಸಡಿಲವಾದದ್ದು 2021ರಲ್ಲಿ. ಕಾಲೇಜುಗಳು ತಾವೇ ಆಟಗಾರರಿಗೆ ನೇರವಾಗಿ ಪಾಲು ಕೊಡಲು ದಾರಿಯಾಗಿದ್ದು 2025ರ ನ್ಯಾಯಾಲಯದ ಒಪ್ಪಂದದಿಂದ. ಆ ವ್ಯಾಪಾರ ಇಲ್ಲಿಗೆ ಬೇಡವೇ ಬೇಡ. ಕುಡಿತದ ವಿಷಯದಲ್ಲೂ ಅವರಿಂದ ಕಲಿಯುವುದೇನಿಲ್ಲ: ಪಂದ್ಯದ ದಿನದ ಬಿಡಾರಗಳಲ್ಲಿ ಬಿಯರ್ ಹೊಳೆಯಾಗಿ ಹರಿಯುತ್ತದೆ. ನಮ್ಮ ಮೈದಾನದ ಕತ್ತಲ ಮೂಲೆಯಲ್ಲಿ ಬೀಳುವ ಬಾಟಲಿಗಳೂ ಹೆಂಗಸರನ್ನು ದೂರವಿಡುವ ಬೇಲಿಯೇ. ವ್ಯತ್ಯಾಸವೆಂದರೆ, ನಮ್ಮಲ್ಲಿ ಮನೆಮಂದಿ ಸೇರುವ ಕಡೆ ಕುಡಿಯುವವನಿಗೆ ಸಂಕೋಚ ಹುಟ್ಟುತ್ತದೆ. ತನ್ನ ಚಿಕ್ಕಮ್ಮ ಕೂತಿರುವ ಸಾಲಿನ ಎದುರು ತೂರಾಡುವ ಧೈರ್ಯ ಕರಾವಳಿಯ ಹುಡುಗನಿಗೆ ಇನ್ನೂ ಬಂದಿಲ್ಲ.

ಇನ್ನು ನಾಯಿಯ ಮಾತು. ಸಾಕುನಾಯಿಯನ್ನು ಮನೆಯ ಮಗುವಿನಂತೆ ನೋಡುವ ಕುಟುಂಬಗಳು ಈ ಪಟ್ಟಣಗಳಲ್ಲೂ ಹೆಚ್ಚುತ್ತಿವೆ, ಅದರೊಂದಿಗೆ ಹೊರಡುವುದು ಮಾತ್ರ ಸುಲಭವಲ್ಲ. ರೈಲಿನಲ್ಲಿ ಒಯ್ಯಬೇಕೆಂದರೆ ಮೊದಲ ದರ್ಜೆಯ ಕೂಪೆಯನ್ನೇ ಕಾದಿರಿಸಬೇಕು, ಇಲ್ಲವೇ ಗಾರ್ಡಿನ ಡಬ್ಬಿಗೆ ಹಾಕಬೇಕು. ಹೊನ್ನಾವರದ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಆ ಮಾನ್ಯತೆಯ ಷರತ್ತಿನಲ್ಲೇ ಅನಧಿಕೃತ ಡೇರೆ ಕೂಡದು, ನಾಯಿಗಳ ಪ್ರವೇಶಕ್ಕೆ ಬಿಗಿ ಹತೋಟಿ ಇರಬೇಕು ಎಂದಿದೆ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲಾ ಕಾಲೇಜು, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಜೊತೆಗೆ ಕ್ರೀಡಾ ಸಂಕೀರ್ಣಗಳಿಂದಲೂ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಮತ್ತು ಲಸಿಕೆ ಮಾಡಿಸಿ, ಆಶ್ರಯತಾಣಕ್ಕೆ ಸಾಗಿಸಬೇಕು, ಅದೇ ಜಾಗಕ್ಕೆ ಮರಳಿ ಬಿಡಬಾರದು ಎಂದು ಆದೇಶಿಸಿತು.

ಹಾಗಾದರೆ ಅಂಕಣದ ಅಂಚಿನಲ್ಲಿ ಮಲಗಿದ ಊರನಾಯಿಯ ಗತಿಯೇನು? ಪ್ರೀತಿಯ ಮಾತಾಡುವವರು ರೇಬಿಸನ್ನು ಮರೆಯುತ್ತಾರೆ, ರೇಬಿಸಿನ ಮಾತಾಡುವವರು ನಾಯಿಗೆ ಲಸಿಕೆ ಹಾಕಿಸುವ ಹೊಣೆ ಯಾರದೆಂಬುದನ್ನು ಮರೆಯುತ್ತಾರೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಆ ಹೊಣೆ ಸ್ಥಳೀಯ ಸಂಸ್ಥೆಗಳದು. ಅದು ವರ್ಷವರ್ಷ ನಡೆದಿದ್ದರೆ ಆದೇಶದ ಅಗತ್ಯವೇ ಬೀಳುತ್ತಿರಲಿಲ್ಲ. ಬೀದಿನಾಯಿಯನ್ನು ಓಡಿಸಿ, ಅದೇ ಮೈದಾನಕ್ಕೆ ಕಾರಿನಲ್ಲಿ ಬಂದ ಲ್ಯಾಬ್ರಡಾರ್‌ಗೆ ಮಣೆ ಹಾಕಿದರೆ ಮಾತ್ರ ಅದು ಬೇರೆಯದೇ ಅನ್ಯಾಯ. 2022ರಲ್ಲಿ ದೆಹಲಿಯ ತ್ಯಾಗರಾಜ ಕ್ರೀಡಾಂಗಣದಲ್ಲಿ ಐಎಎಸ್ ಅಧಿಕಾರಿಯೊಬ್ಬರ ನಾಯಿಯ ಓಡಾಟಕ್ಕೆಂದು ಅಭ್ಯಾಸ ಮಾಡುತ್ತಿದ್ದ ಕ್ರೀಡಾಪಟುಗಳನ್ನು ಬೇಗ ಹೊರಡಿಸುತ್ತಾರೆಂಬ ವರದಿ ದೊಡ್ಡ ಗದ್ದಲವೆಬ್ಬಿಸಿತು. ಅಧಿಕಾರಿಯನ್ನು ಲಡಾಖ್‌ಗೆ ವರ್ಗ ಮಾಡಿದರು. ಜನರ ಸಿಟ್ಟು ನಾಯಿಯ ಮೇಲಿರಲಿಲ್ಲ, ಮೈದಾನ ಯಾರದು ಎಂಬುದರ ಮೇಲಿತ್ತು.

ಕರೆತರುವುದು ನಾಯಿಗೇ ಹಿತವೋ ಎಂದೂ ಕೇಳಬೇಕು. ಮೈಯೆಲ್ಲ ಬೆವರಿ ತಂಪಾಗುವ ಭಾಗ್ಯ ನಾಯಿಗಿಲ್ಲ, ನಾಲಿಗೆ ಚಾಚಿ ತೇಕಬೇಕು. ಮನುಷ್ಯನ ಕಿವಿಗೆ ಎಟುಕದ ಸದ್ದೂ ಅದಕ್ಕೆ ಕೇಳುತ್ತದೆ. ಫೈನಲ್ ಮುಗಿದ ಕೂಡಲೇ ಸಿಡಿಸುವ ಗರ್ನಲ್ ಅದರ ಪಾಲಿಗೆ ಹಬ್ಬವಲ್ಲ. ಪಳಗಿದ ಪ್ರಾಣಿಗಳ ನಡುವೆಯೂ ಅನಾಹುತಗಳಾಗುತ್ತವೆ. 2019ರ ಹೊಸ ವರ್ಷದ ದಿನ ನ್ಯೂ ಆರ್ಲಿಯನ್ಸ್‌ನ ಪಂದ್ಯಕ್ಕೆ ಮೊದಲು ಟೆಕ್ಸಾಸ್ ತಂಡದ ಗುರುತಾದ ‘ಬೀವೊ’ ಎಂಬ ಉದ್ದ ಕೊಂಬಿನ ಎತ್ತು ತಡೆಬೇಲಿ ನೂಕಿಕೊಂಡು ಜಾರ್ಜಿಯಾದ ‘ಅಗ’ನ ಮೇಲೆಯೇ ನುಗ್ಗಿತ್ತು. ಕೂದಲೆಳೆಯಲ್ಲಿ ತಪ್ಪಿತು. ಆದ್ದರಿಂದ ಲಸಿಕೆಯ ಚೀಟಿ, ಕುತ್ತಿಗೆಯಲ್ಲಿ ಬೆಲ್ಟ್, ಮೈಕಿನಿಂದ ದೂರದ ನೆರಳು, ಕುಡಿಯಲು ನೀರು ಇರುವಷ್ಟು ಹೊತ್ತು ನಾಯಿ ಬರಲಿ. ಪಟಾಕಿಗೆ ಮೊದಲು ಹೊರಡಲಿ. ಅದನ್ನು ಕರೆದೊಯ್ಯುವ ಸರದಿ ಈ ಸಲ ಅಪ್ಪನದಾಗಲಿ, ಮುಂದಿನ ಸಲ ಮಗನದು.

ಇದಕ್ಕೆಲ್ಲ ಖರ್ಚೆಷ್ಟು ಎಂದು ಸಂಘಟಕರು ಕೇಳಿಯೇ ಕೇಳುತ್ತಾರೆ. ಕುಮಟಾದ ಮಣಕಿ ಮೈದಾನದಂಥ ಕಡೆ ದೊಡ್ಡ ಪಂದ್ಯಾವಳಿ ನಡೆಸುವವರಿಗೆ ಫ್ಲಡ್‌ಲೈಟ್, ಧ್ವನಿವರ್ಧಕ, ಆಳೆತ್ತರದ ಟ್ರೋಫಿಗಳ ಬಾಬತ್ತಿಗೆ ದಾನಿಗಳು ಸಿಗುತ್ತಾರೆ. ಟ್ರೋಫಿಯ ಮೇಲೆ ಅಜ್ಜನ ಹೆಸರು ಕೆತ್ತಿಸಲು ಮುಂದೆ ಬರುವ ಮಹನೀಯರು ಹೆಂಗಸರ ತಾತ್ಕಾಲಿಕ ಶೌಚಾಲಯದ ಬಾಗಿಲಿಗೆ ಆ ಹೆಸರು ಹಾಕಿಸಲು ಒಪ್ಪುವುದಿಲ್ಲ. ದಾನವನ್ನು ನಂಬಿ ಕೂತರೆ ಇದು ಆಗುವ ಕೆಲಸವಲ್ಲ. ಮೈದಾನಕ್ಕೆ ಪರವಾನಗಿ ಕೊಡುವುದು ಪುರಸಭೆ, ಪಟ್ಟಣ ಪಂಚಾಯಿತಿ, ಗ್ರಾಮ ಪಂಚಾಯಿತಿ. ಆ ಪರವಾನಗಿಯ ಜೊತೆಗೇ ಶೌಚಾಲಯ, ಕುಡಿಯುವ ನೀರು, ಹೆಂಗಸರು ಮಕ್ಕಳು ಕೂರುವ ಬೆಳಕಿನ ಜಾಗ, ಪಂದ್ಯ ಮುಗಿದ ಹೊತ್ತಿಗೆ ಊರೂರಿಗೆ ಬಿಟ್ಟುಬರುವ ಎರಡು ಟೆಂಪೋ, ಇವಿಷ್ಟನ್ನು ಷರತ್ತಾಗಿ ಸೇರಿಸಲು ಹೊಸ ಕಾನೂನೇನೂ ಬೇಕಿಲ್ಲ, ಸಭೆಯ ಒಂದು ಠರಾವು ಸಾಕು. ಮೊದಲ ವರ್ಷ ಆ ಜಾಗದಲ್ಲಿ ಹತ್ತೇ ಹೆಂಗಸರು ಕೂತಿರಬಹುದು. ಅಷ್ಟಕ್ಕೇ ‘ನೋಡಿ, ಅವರು ಬರೂದಿಲ್ಲ’ ಎಂದು ಎರಡನೇ ವರ್ಷ ಷರತ್ತನ್ನು ಕೈಬಿಡದಂತೆ ನೋಡಿಕೊಳ್ಳಬೇಕಾದವರು ಸ್ಥಳೀಯ ಸಂಸ್ಥೆಗಳ ಶೇಕಡಾ 50ರಷ್ಟು ಮೀಸಲು ಸ್ಥಾನಗಳಲ್ಲಿ ಗೆದ್ದು ಬಂದಿರುವ ಸದಸ್ಯೆಯರು.